2001ರ ಡಾಜ್ ರ‍್ಯಾಮ್ ಡೀಸೆಲ್ ಪಿಕಪ್: 48 ಮೈಲಿ ವೇಗದಲ್ಲಿ ಗೇರ್ ಬಿಟ್ಟು ಹಿಡಿಯುತ್ತಿದೆ, ಟ್ರಾನ್ಸ್‌ಮಿಷನ್ ಬಿಚ್ಚಲೇಬೇಕೇ?

ಪ್ರಶ್ನೆ — ಸಸಿತೋಟ (ಸ್ಯಾಕ್ರಮೆಂಟೊ, ಕ್ಯಾಲಿಫೋರ್ನಿಯಾ)

ಎಲ್ಲರಿಗೂ ನಮಸ್ಕಾರ. ನಾನು ಸ್ಯಾಕ್ರಮೆಂಟೊ ಸಮೀಪ ಸಣ್ಣದೊಂದು ಸಸಿತೋಟ ನಡೆಸುತ್ತಿದ್ದೇನೆ. ಗೊಬ್ಬರ, ಕುಂಡ, ಕೆಲವೊಮ್ಮೆ ಟ್ರೇಲರಿನ ಮೇಲೆ ಚಿಕ್ಕ ಟ್ರಾಕ್ಟರ್ ಸಾಗಿಸಲು 2001ನೇ ಮಾದರಿಯ ಡಾಜ್ ರ‍್ಯಾಮ್ 2500 ಪಿಕಪ್ ಬಳಸುತ್ತೇನೆ. 5.9 ಲೀಟರಿನ 24 ವಾಲ್ವ್ ಕಮಿನ್ಸ್ ಡೀಸೆಲ್ ಎಂಜಿನ್, 47ಆರ್‌ಇ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್, 3.55ರ ಆ್ಯಕ್ಸಲ್, 245/75ಆರ್16 ಟಯರ್, ಯಾವುದನ್ನೂ ಮಾರ್ಪಡಿಸಿಲ್ಲ.

ತೊಂದರೆ ಹೀಗಿದೆ. ಗಾಡಿ ಚೆನ್ನಾಗಿ ಬಿಸಿಯಾದ ನಂತರ ಸಮತಟ್ಟಾದ ರಸ್ತೆಯಲ್ಲಿ 45ರಿಂದ 50 ಮೈಲಿ ವೇಗದಲ್ಲಿ ಪೆಡಲನ್ನು ಹಗುರವಾಗಿ, ಅಲುಗಾಡಿಸದೆ ಹಿಡಿದಿದ್ದರೂ ಗೇರ್ ತಾನಾಗಿಯೇ ಬಿಟ್ಟು ಮತ್ತೆ ಹಿಡಿದಂತಾಗುತ್ತದೆ. 48 ಮೈಲಿಯಲ್ಲಿ ಆರ್‌ಪಿಎಂ ಮುಳ್ಳು 1,300ರ ಆಸುಪಾಸಿನಿಂದ 1,550ಕ್ಕೆ ಏರಿ, ಒಂದೆರಡು ಕ್ಷಣ ನಿಂತು, ಮತ್ತೆ ಕೆಳಗೆ ಬೀಳುತ್ತದೆ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಇದು ಇಲ್ಲ; ರಾತ್ರಿ ದೀಪ, ಹೀಟರ್ ಬ್ಲೋವರ್ ಎರಡನ್ನೂ ಹಾಕಿಕೊಂಡಾಗ ಹೆಚ್ಚು. ಪೆಡಲನ್ನು ಜೋರಾಗಿ ಒತ್ತಿ ವೇಗ ಹೆಚ್ಚಿಸಿಕೊಂಡರೆ ಈ ತೊಂದರೆ ನಿಂತುಹೋಗುತ್ತದೆ.

ಇನ್ನೊಂದು ಲಕ್ಷಣವೂ ಇದೆ. ಟ್ರೇಲರ್ ಕಟ್ಟಿಕೊಂಡು ಡಾನರ್ ಪಾಸ್ ಕಡೆಯ ಏರು ಹತ್ತಿ ಇಳಿದು ಬಂದು ಊರಿನ ಸಿಗ್ನಲ್ಲಿನಲ್ಲಿ ನಿಂತರೆ, ಮತ್ತೆ ಹೊರಡುವಾಗ ಗಾಡಿ ಒಂದನೇ ಗೇರಿಗೆ ಇಳಿಯದೆ ಎರಡನೆಯದರಲ್ಲೇ ಮುಕ್ಕುತ್ತ ಹೊರಟಂತೆ ಅನಿಸುತ್ತದೆ. ಲಿವರನ್ನು ಕೈಯಿಂದ 1ಕ್ಕೆ ಎಳೆದರೆ ಸರಿಯಾಗಿ ಹೊರಡುತ್ತದೆ.

ಇಲ್ಲಿನ ವರ್ಕ್‌ಶಾಪ್ ಒಂದಕ್ಕೆ ತೋರಿಸಿದೆ. ಒಂದು ಸುತ್ತು ಓಡಿಸಿ ನೋಡಿದವರೇ, ಟ್ರಾನ್ಸ್‌ಮಿಷನ್ ಇಳಿಸಿ ಪೂರ್ತಿ ರೀಬಿಲ್ಡ್ ಮಾಡಿಸಬೇಕು, ಟಾರ್ಕ್ ಕನ್ವರ್ಟರನ್ನೂ (ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಟ್ರಾನ್ಸ್‌ಮಿಷನ್‌ಗೆ ದಾಟಿಸುವ ಭಾಗ) ಬದಲಿಸಬೇಕು ಎಂದರು. ಅವರು ಹೇಳಿದ ಮೊತ್ತ ಈ ಗಾಡಿಯ ಇಂದಿನ ಬೆಲೆಗೆ ಹತ್ತಿರವಿದೆ. ಆಯಿಲ್ ಕೆಂಪಗೇ ಇದೆ, ಸುಟ್ಟ ವಾಸನೆಯಿಲ್ಲ, ಎಂಜಿನ್ ಎಚ್ಚರಿಕೆ ದೀಪವೂ ಹತ್ತಿಲ್ಲ. ಬಿಚ್ಚುವ ಮೊದಲು ನಾನೇ ನೋಡಬಹುದಾದದ್ದು ಏನಾದರೂ ಇದ್ದರೆ ತಿಳಿದವರು ದಯವಿಟ್ಟು ತಿಳಿಸಿ. ಮಲ್ಟಿಮೀಟರ್ ಮತ್ತು ಸಾಮಾನ್ಯ ಸ್ಪ್ಯಾನರ್ ಸೆಟ್ ನನ್ನ ಬಳಿ ಇವೆ.

ಉತ್ತರ — ಹಳೇ ಡೀಸೆಲ್ (ಟೆಕ್ಸಾಸ್)

ನಮಸ್ಕಾರ ರಾಯರೇ. ನೀವು ಬರೆದಿರುವುದು ಒಂದು ತೊಂದರೆಯಲ್ಲ, ಎರಡು. ಎರಡನ್ನೂ ಒಂದೇ ಗಂಟಿಗೆ ಕಟ್ಟಿ "ಟ್ರಾನ್ಸ್‌ಮಿಷನ್ ಹೋಯಿತು" ಎಂದುಬಿಟ್ಟರೆ ವರ್ಕ್‌ಶಾಪಿನವರಿಗೆ ಸುಲಭವಾಗುತ್ತದೆ, ನಿಮಗಲ್ಲ.

ಮೊದಲು ಈ 47ಆರ್‌ಇ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡೋಣ. ರೋಗ ಎಲ್ಲಿದೆ ಎಂಬುದು ಅದರಿಂದಲೇ ಅರ್ಧ ತಿಳಿಯುತ್ತದೆ. ಇದು ಕ್ರೈಸ್ಲರಿನ ಹಳೆಯ ಟಾರ್ಕ್‌ಫ್ಲೈಟ್ ವಂಶದ ಟ್ರಾನ್ಸ್‌ಮಿಷನ್. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಗೇರ್ ಬದಲಾಗುವುದು ಇಂದಿಗೂ ಆಯಿಲ್ ಒತ್ತಡದ ಲೆಕ್ಕಾಚಾರದಿಂದಲೇ: ಗಾಡಿಯ ವೇಗವನ್ನು ಹೇಳುವ ಗವರ್ನರ್ ಒತ್ತಡ ಒಂದು ಕಡೆಯಿಂದ, ನಿಮ್ಮ ಪೆಡಲನ್ನು ಹೇಳುವ ಥ್ರಾಟಲ್ ಒತ್ತಡ ಇನ್ನೊಂದು ಕಡೆಯಿಂದ ವಾಲ್ವನ್ನು ತಳ್ಳುತ್ತವೆ, ಗೆದ್ದದ್ದರ ಕಡೆಗೆ ಗೇರ್ ಹೋಗುತ್ತದೆ. ಆದರೆ ನಾಲ್ಕನೆಯದಾದ ಓವರ್‌ಡ್ರೈವ್ ಮತ್ತು ಟಾರ್ಕ್ ಕನ್ವರ್ಟರಿನ ಲಾಕ್‌ಅಪ್ (ಆಯಿಲಿನಲ್ಲಿ ಜಾರದಂತೆ ಎಂಜಿನ್ನನ್ನೂ ಟ್ರಾನ್ಸ್‌ಮಿಷನ್ನನ್ನೂ ಕ್ಲಚ್ಚಿನಿಂದ ನೇರವಾಗಿ ಕಚ್ಚಿಸುವುದು) ಎರಡೂ ಪೂರ್ತಿ ಎಲೆಕ್ಟ್ರಾನಿಕ್. ಪಿಸಿಎಂ ಎಂಬ ಕಂಪ್ಯೂಟರ್ ಎರಡು ಸೊಲೆನಾಯ್ಡ್‌ಗಳ (ಕರೆಂಟಿನಿಂದ ನಡೆಯುವ ವಾಲ್ವ್‌ಗಳ) ಮೂಲಕ ಅವನ್ನು ಹಿಡಿಯುತ್ತದೆ, ಬಿಡುತ್ತದೆ. ಹಾಗಾಗಿ 48 ಮೈಲಿಯಲ್ಲಿ ಆಗುತ್ತಿರುವುದು ಎಲೆಕ್ಟ್ರಾನಿಕ್ ಕಡೆಯ ವಿಚಾರ, ಸಿಗ್ನಲ್ಲಿನಲ್ಲಿ ಆಗುತ್ತಿರುವುದು ಒತ್ತಡದ ಕಡೆಯ ವಿಚಾರ.

ನಿಮ್ಮ ಆರ್‌ಪಿಎಂ ಅಂಕಿಗಳೇ ಒಳ್ಳೆಯ ಸಾಕ್ಷಿ. ಈ ಟ್ರಾನ್ಸ್‌ಮಿಷನ್‌ನಲ್ಲಿ ಮೂರನೇ ಗೇರಿನ ಅನುಪಾತ 1.00, ನಾಲ್ಕನೆಯದರದು 0.69. ನಿಮ್ಮ ಆ್ಯಕ್ಸಲ್ ಮತ್ತು ಟಯರಿನ ಲೆಕ್ಕದಲ್ಲಿ 48 ಮೈಲಿಗೆ ನಾಲ್ಕನೇ ಗೇರಿನಲ್ಲಿ ಲಾಕ್ ಆಗಿದ್ದರೆ ಸುಮಾರು 1,300 ಬರಬೇಕು, ಬರುತ್ತಿದೆ. ಗೇರ್ ನಿಜಕ್ಕೂ ಮೂರಕ್ಕೆ ಇಳಿದಿದ್ದರೆ ಮುಳ್ಳು 1,850 ದಾಟಬೇಕಿತ್ತು. 250ರಷ್ಟು ಮಾತ್ರ ಏರುತ್ತಿದೆ ಎಂದರೆ ಗೇರ್ ಬದಲಾಗುತ್ತಿಲ್ಲ. ಕನ್ವರ್ಟರಿನ ಲಾಕ್‌ಅಪ್ ಕ್ಲಚ್ ಬಿಟ್ಟು ಹಿಡಿಯುತ್ತಿದೆ. ಖಾತ್ರಿ ಮಾಡಿಕೊಳ್ಳಲು, ಖಾಲಿ ರಸ್ತೆಯಲ್ಲಿ 55 ಮೈಲಿಯಲ್ಲಿ ಪೆಡಲನ್ನು ಸ್ಥಿರವಾಗಿಟ್ಟುಕೊಂಡು ಎಡಗಾಲಿನಿಂದ ಬ್ರೇಕ್ ಪೆಡಲನ್ನು ಸ್ವಿಚ್ ತಾಗುವಷ್ಟು ಮಾತ್ರ ಮುಟ್ಟಿ. ಬ್ರೇಕ್ ಸ್ವಿಚ್ ತಾಗಿದ ಕೂಡಲೇ ಪಿಸಿಎಂ ಲಾಕ್‌ಅಪ್ಪನ್ನು ಬಿಡಿಸುತ್ತದೆ. ಆಗ ಮುಳ್ಳು ಏರುವ ರೀತಿ ನಿಮ್ಮ ತೊಂದರೆಯ ರೀತಿಯಂತೆಯೇ ಇದ್ದರೆ ಮತ್ತೆ ಅನುಮಾನ ಬೇಡ. ಬೆಳಿಗ್ಗೆ ತಣ್ಣಗಿರುವಾಗ ತೊಂದರೆ ಕಾಣದಿರುವುದಕ್ಕೂ ಇದೇ ಕಾರಣ. ಎಂಜಿನ್ ಬಿಸಿಯಾಗುವವರೆಗೆ ಲಾಕ್‌ಅಪ್ಪಿಗೆ ಅನುಮತಿಯೇ ಇರುವುದಿಲ್ಲ.

ದೀಪ ಹತ್ತದಿದ್ದರೂ ಕಂಪ್ಯೂಟರಿನಲ್ಲಿ ದೋಷ ತೋರಿಸುವ ಕೋಡ್ ಕೂತಿರಬಹುದು. ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿಯನ್ನು ಆನ್, ಆಫ್, ಆನ್, ಆಫ್, ಆನ್ ಎಂದು ಬೇಗಬೇಗ ತಿರುಗಿಸಿದರೆ ಓಡೋಮೀಟರಿನ ಜಾಗದಲ್ಲಿ ಪಿ-ಕೋಡುಗಳು ಬರುತ್ತವೆ. ಪಿ0740 ಬಂದರೆ ಲಾಕ್‌ಅಪ್ ಆದೇಶ ಹೋದರೂ ಆರ್‌ಪಿಎಂ ಇಳಿಯುತ್ತಿಲ್ಲ ಎಂದರ್ಥ, ಅದು ಕನ್ವರ್ಟರ್ ಅಥವಾ ಆಯಿಲ್ ದಾರಿಯ ಕಡೆ ಬೆರಳು ತೋರಿಸುತ್ತದೆ. ಪಿ1762, ಪಿ1763, ಪಿ1764 ಬಂದರೆ ಗವರ್ನರ್ ಒತ್ತಡದ ಸೆನ್ಸರ್. ಪಿ0121, ಪಿ0122, ಪಿ0123 ಬಂದರೆ ಎಕ್ಸಲರೇಟರ್ ಪೆಡಲಿನ ಸೆನ್ಸರ್.

ಆಯಿಲ್ ಮಟ್ಟವನ್ನು ಪಾರ್ಕಿನಲ್ಲಿ ನೋಡಬಾರದು. ಗಾಡಿ ಬಿಸಿಯಾಗಿ, ಸಮತಟ್ಟಾದ ಜಾಗದಲ್ಲಿ, ಎಂಜಿನ್ ಐಡಲಿನಲ್ಲಿ ಓಡುತ್ತಿರುವಾಗ, ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್ಲಿನಲ್ಲಿಟ್ಟು ಡಿಪ್‌ಸ್ಟಿಕ್ ತೆಗೆಯಬೇಕು. ಕಂಪನಿಯ ವಾಲ್ವ್ ಬಾಡಿ (ಟ್ರಾನ್ಸ್‌ಮಿಷನ್ ಒಳಗೆ ಆಯಿಲ್ ಒತ್ತಡವನ್ನು ಹಂಚುವ ಭಾಗ) ಇರುವ ಗಾಡಿಯಲ್ಲಿ ಪಾರ್ಕಿನಲ್ಲಿ ಕನ್ವರ್ಟರಿಗೆ ಆಯಿಲ್ ಹೋಗುವುದೇ ಇಲ್ಲ, ಆದ್ದರಿಂದ ಆ ಮಟ್ಟ ನಂಬಿಕೆಗೆ ಅರ್ಹವಲ್ಲ.

ಉತ್ತರ — ಗೇರುಪೆಟ್ಟಿಗೆ (ನ್ಯೂಜೆರ್ಸಿ)

ಎಲ್ಲ ದೋಷವನ್ನೂ ಎಲೆಕ್ಟ್ರಾನಿಕ್ಸಿನ ಮೇಲೆ ಹಾಕುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಕಮಿನ್ಸಿನ ಟಾರ್ಕಿಗೆ ಈ ಟ್ರಾನ್ಸ್‌ಮಿಷನ್‌ನ ಮೂಲ ಕನ್ವರ್ಟರ್ ದುರ್ಬಲವೆಂಬುದು ಹಳೆಯ ಮಾತು. ಟ್ರೇಲರ್ ಎಳೆದ ಗಾಡಿಗಳಲ್ಲಿ ಲಾಕ್‌ಅಪ್ ಕ್ಲಚ್ ಸವೆಯುವುದು ಸಾಮಾನ್ಯ. ಹಿಂದೆ ಯಾರಾದರೂ ಈ ಟ್ರಾನ್ಸ್‌ಮಿಷನ್‌ಗೆ ಹಾಕಬೇಕಾದ ಎಟಿಎಫ್+4 ಆಯಿಲಿನ ಬದಲು ಡೆಕ್ಸ್‌ರಾನ್ ಆಯಿಲ್ ಹಾಕಿದ್ದರೂ ಇಂಥ ಕುಲುಕಾಟ ಬರುತ್ತದೆ. ಕನ್ವರ್ಟರ್ ಸವೆದಿದ್ದರೆ ಕ್ಲಚ್ ಲೈನಿಂಗಿನ ಪುಡಿ ಆಯಿಲಿನ ಜೊತೆ ಎಲ್ಲ ಕಡೆ ಹರಡುತ್ತದೆ, ತಡಮಾಡಿದಷ್ಟೂ ಖರ್ಚು ಬೆಳೆಯುತ್ತದೆ. ಕಡೇಪಕ್ಷ ಟ್ರಾನ್ಸ್‌ಮಿಷನ್ ಅಡಿಯ ಆಯಿಲ್ ಪ್ಯಾನ್ ಬಿಚ್ಚಿ ತಳದಲ್ಲಿ ಏನು ಕೂತಿದೆ ಎಂದು ನೋಡಿ.

ಉತ್ತರ — ವೋಲ್ಟ್‌ಮೀಟರ್ (ಮಿಷಿಗನ್)

ಪ್ಯಾನ್ ಬಿಚ್ಚಿ ನೋಡುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಸವೆದ ಕ್ಲಚ್ಚಿನ ನಡತೆ ಬೇರೆ. ಅದು ಭಾರ ಬಿದ್ದಾಗ, ಏರಿನಲ್ಲಿ, ಪೆಡಲ್ ಒತ್ತಿದಾಗ ಜಾರುತ್ತದೆ. ಮುಳ್ಳು ಮೆಲ್ಲಗೆ ಮೇಲೆ ತೆವಳುತ್ತದೆ. ತಪ್ಪು ಆಯಿಲಿನ ಕುಲುಕಾಟವಾದರೆ ಕಲ್ಲುಹಾಸಿನ ಮೇಲೆ ಗಾಡಿ ಓಡಿಸಿದಂತೆ ಒಂದೇ ಸಮನೆ ನಡುಗುತ್ತದೆ. ಸಸಿತೋಟದವರ ಗಾಡಿಯಲ್ಲಿ ಪೆಡಲ್ ಒತ್ತಿದರೆ ತೊಂದರೆ ನಿಲ್ಲುತ್ತಿದೆ, ಹಗುರವಾಗಿ ಹಿಡಿದಾಗ ಸ್ವಿಚ್ ಹಾಕಿ ತೆಗೆದಂತೆ ಪೂರ್ತಿ ಬಿಟ್ಟು ಪೂರ್ತಿ ಹಿಡಿಯುತ್ತಿದೆ. ಅಂದರೆ ಕ್ಲಚ್ ಜಾರುತ್ತಿಲ್ಲ, ಬಿಡು ಎಂಬ ಆದೇಶವೇ ಮೇಲಿನಿಂದ ಬರುತ್ತಿದೆ.

ಆದೇಶ ಏಕೆ ಬರುತ್ತದೆ? ಎಂಜಿನ್ನಿನ ಎಡಭಾಗದಲ್ಲಿ, ಪೆಡಲ್ ಕೇಬಲ್ ಬಂದು ಸೇರುವಲ್ಲಿ ಎಪಿಪಿಎಸ್ ಎಂಬ ಸೆನ್ಸರ್ ಇದೆ. ಪೆಡಲ್ ಎಷ್ಟು ಒತ್ತಿದ್ದೀರಿ ಎಂಬುದನ್ನು ಅದು ಕೆಲವೇ ವೋಲ್ಟಿನ ಸಿಗ್ನಲ್ಲಿನಲ್ಲಿ ಹೇಳುತ್ತದೆ. ಎಂಜಿನ್ನಿನ ಕಂಪ್ಯೂಟರಾದ ಇಸಿಎಂ ಅದನ್ನು ಓದಿ ಪಿಸಿಎಂಗೆ ತಲುಪಿಸುತ್ತದೆ. ಪೆಡಲ್ ಸಡಿಲವಾಯಿತು ಅಥವಾ ಥಟ್ಟನೆ ಒತ್ತಲಾಯಿತು ಎಂದು ಕಂಡರೆ ಪಿಸಿಎಂ ಲಾಕ್‌ಅಪ್ಪನ್ನು ಬಿಡಿಸುವುದು ಸರಿಯಾದ ನಡತೆಯೇ. ನಿಮ್ಮ ಪಾದ ಅಲುಗದಿದ್ದರೂ ಆ ಸಿಗ್ನಲ್ ಅಲುಗುತ್ತಿದ್ದರೆ ಪಾಪ, ಕಂಪ್ಯೂಟರಿಗೆ ವ್ಯತ್ಯಾಸ ತಿಳಿಯುವ ಬಗೆಯಿಲ್ಲ. 1998ರ ನಡುವಿನಿಂದ 2002ರವರೆಗಿನ 24 ವಾಲ್ವ್ ಗಾಡಿಗಳಲ್ಲಿ ಹೀಗೆ ಸಿಗ್ನಲ್ ಅಲುಗಲು ಬಹುಪಾಲು ಕಾರಣ ಎರಡು: ಎಪಿಪಿಎಸ್ ಒಳಗಿನ ಪಟ್ಟಿ ಸದಾ ಬಳಕೆಯಾಗುವ ಜಾಗದಲ್ಲಿ ಸವೆದಿರುವುದು, ಇಲ್ಲವೇ ಆಲ್ಟರ್ನೇಟರಿನಿಂದ ಎಸಿ ಕರೆಂಟ್ ಸೋರಿ ಇಡೀ ವಯರಿಂಗಿನಲ್ಲಿ ಗದ್ದಲವೆಬ್ಬಿಸುವುದು. ದೀಪ ಮತ್ತು ಬ್ಲೋವರ್ ಹಾಕಿದಾಗ ಹೆಚ್ಚಾಗುತ್ತದೆ ಎಂದು ನೀವು ಬರೆದಿರುವ ಒಂದು ಸಾಲಿನಿಂದಾಗಿ ನಾನು ಎರಡನೆಯದರ ಕಡೆಗೇ ವಾಲುತ್ತೇನೆ.

ಆಲ್ಟರ್ನೇಟರ್ ಹುಟ್ಟಿಸುವುದು ಮೂರು ಫೇಸಿನ ಎಸಿ. ಒಳಗಿನ ರೆಕ್ಟಿಫೈಯರ್ ಡಯೋಡುಗಳು ಅದನ್ನು ಡಿಸಿ ಮಾಡುತ್ತವೆ. ಒಂದು ಡಯೋಡ್ ಕೆಟ್ಟರೂ ಡ್ಯಾಶಿನ ವೋಲ್ಟ್ ಮುಳ್ಳು 14ರಲ್ಲೇ ನಿಂತಿರುತ್ತದೆ, ಬ್ಯಾಟರಿ ಚಾರ್ಜ್ ಆಗುತ್ತಲೇ ಇರುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಡಿಸಿಯ ಮೇಲೆ ಎಸಿ ಅಲೆ ಸವಾರಿ ಮಾಡತೊಡಗುತ್ತದೆ. ಕರೆಂಟ್ ಹೆಚ್ಚು ಎಳೆದಷ್ಟೂ ಅಲೆ ಎತ್ತರವಾಗುತ್ತದೆ.

ಅಳೆಯುವುದು ಸುಲಭ. ಎಂಜಿನ್ ಬಿಸಿಯಾಗಿರಲಿ, ತಣ್ಣಗಿದ್ದರೆ ಇನ್‌ಟೇಕ್ ಗ್ರಿಡ್ ಹೀಟರ್ ಆಗಾಗ ಆನ್ ಆಗಿ ಅಂಕಿಯನ್ನು ಕೆಡಿಸುತ್ತದೆ. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಆಲ್ಟರ್ನೇಟರಿನ ಹಿಂದಿನ ದಪ್ಪ ಬಿ-ಪ್ಲಸ್ ಬೋಲ್ಟಿಗೆ, ಕಪ್ಪನ್ನು ಅದರ ಹೊರಮೈಗೆ ಹಿಡಿಯಿರಿ. ಬಳಿಯಲ್ಲೇ ಬೆಲ್ಟ್ ತಿರುಗುತ್ತಿರುತ್ತದೆ, ಬಟ್ಟೆ ಮತ್ತು ಕೈ ಜೋಪಾನ. ದೀಪ, ಬ್ಲೋವರ್ ಹಾಕಿ, ಇನ್ನೊಬ್ಬರಿಂದ ಎಂಜಿನ್ನನ್ನು 1,500 ಆರ್‌ಪಿಎಂನಲ್ಲಿ ಹಿಡಿಸಿ. ಆರೋಗ್ಯವಂತ ಆಲ್ಟರ್ನೇಟರಿನಲ್ಲಿ 0.02ರಿಂದ 0.05 ವೋಲ್ಟ್ ಕಾಣುತ್ತದೆ, 0.1 ದಾಟಿದರೆ ಅದನ್ನು ನಾನು ಗಾಡಿಯಲ್ಲಿ ಇಟ್ಟುಕೊಳ್ಳುವುದಿಲ್ಲ.

ಇನ್ನೂ ನಿರ್ಣಾಯಕವಾದ ಪರೀಕ್ಷೆ ಬೇಕಾದರೆ, ಎಂಜಿನ್ ಆಫ್ ಮಾಡಿ, ಆಲ್ಟರ್ನೇಟರಿನ ಎರಡು ಸಣ್ಣ ವಯರಿನ ಫೀಲ್ಡ್ ಕನೆಕ್ಟರನ್ನು ಕಳಚಿ, ಹಗಲಿನಲ್ಲಿ ದೀಪವಿಲ್ಲದೆ ಸ್ವಲ್ಪ ದೂರ ಓಡಿಸಿ. ಎರಡು ಬ್ಯಾಟರಿಗಳಿರುವುದರಿಂದ ಗಾಡಿ ನಿಲ್ಲುವುದಿಲ್ಲ. ಚಾರ್ಜಿಂಗ್ ಕೋಡ್ ಬರುತ್ತದೆ, ಅದು ಸಹಜ. ಆಲ್ಟರ್ನೇಟರ್ ಕೆಲಸ ಮಾಡದಿದ್ದಾಗ 48 ಮೈಲಿಯ ಬಿಟ್ಟು ಹಿಡಿಯುವಿಕೆ ಮಾಯವಾದರೆ ಅಪರಾಧಿ ಸಿಕ್ಕಿದಂತೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕೇಬಲ್ ಕಳಚುವ ಹಳೆಯ ಪದ್ಧತಿಯನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಆಗ ಏಳುವ ವೋಲ್ಟೇಜಿಗೆ ಕಂಪ್ಯೂಟರುಗಳೇ ಸುಟ್ಟುಹೋಗಬಹುದು.

ಸಸಿತೋಟ

ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಬ್ರೇಕ್ ಪೆಡಲ್ ಮುಟ್ಟಿದಾಗ ಮುಳ್ಳು ಏರುವ ರೀತಿ ತೊಂದರೆಯದೇ ರೀತಿ. ಎರಡನ್ನೂ ಬೇರೆಮಾಡಿ ಹೇಳಲಾಗುವುದಿಲ್ಲ. ಕೀಲಿ ತಿರುಗಿಸಿ ನೋಡಿದಾಗ ಪಿ1762 ಒಂದೇ ಬಂತು, ಪಿ0740 ಇಲ್ಲ. ಆಲ್ಟರ್ನೇಟರಿನ ಬೋಲ್ಟಿನಲ್ಲಿ ದೀಪ, ಬ್ಲೋವರ್ ಹಾಕಿದಾಗ ಎಸಿ 0.41 ವೋಲ್ಟ್ ತೋರಿಸಿತು, ಅದೇ ಸಮಯಕ್ಕೆ ಡಿಸಿ 14.1 ಇತ್ತು. ಫೀಲ್ಡ್ ಕನೆಕ್ಟರ್ ಕಳಚಿ ಓಡಿಸಿದಾಗ 45ರಿಂದ 50 ಮೈಲಿಯ ನಡುವೆ ಮುಳ್ಳು ಅಲುಗಲಿಲ್ಲ.

ಪರಿಚಯದವರೊಬ್ಬರು, ಆಲ್ಟರ್ನೇಟರ್ ಬದಲಿಸುವ ಅಗತ್ಯವಿಲ್ಲ, ವಯರಿನ ಕಟ್ಟಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿದರೆ ಸಾಕು ಎನ್ನುತ್ತಾರೆ. ಅದು ನಿಜವೇ? ಇನ್ನು ಸಿಗ್ನಲ್ಲಿನಲ್ಲಿ ಎರಡನೇ ಗೇರಿನಲ್ಲಿ ಹೊರಡುವುದು ಹಾಗೆಯೇ ಇದೆ.

ಉತ್ತರ — ವೋಲ್ಟ್‌ಮೀಟರ್

ಫಾಯಿಲ್ ಸುತ್ತಿ ಗುಣ ಕಂಡವರು ಬಹಳ ಮಂದಿ ಇದ್ದಾರೆ. ಸಿಗ್ನಲ್ ವಯರಿಗೆ ಗದ್ದಲ ತಾಗುವುದು ಅದರಿಂದ ಕಡಿಮೆಯಾಗುತ್ತದೆ ಎಂಬುದು ಸುಳ್ಳಲ್ಲ. ಆದರೆ 0.41 ವೋಲ್ಟ್ ಬರುತ್ತಿರುವ ಗಾಡಿಯಲ್ಲಿ ಅದನ್ನು ಮಾಡುವುದು ಹೊಗೆ ಬರುವ ಕೋಣೆಯ ಬಾಗಿಲು ಮುಚ್ಚಿದ ಹಾಗೆ. ಅದೇ ಅಲೆ ಇಸಿಎಂ, ಪಿಸಿಎಂ, ಇಂಜೆಕ್ಷನ್ ಪಂಪಿನ ಮೇಲಿರುವ ಎಲೆಕ್ಟ್ರಾನಿಕ್ಸ್ ಎಲ್ಲಕ್ಕೂ ಹೋಗುತ್ತಿದೆ. ಈ ವಿಪಿ44 ಪಂಪಿನ ಬೆಲೆ ವಿಚಾರಿಸಿ ನೋಡಿ, ಆಲ್ಟರ್ನೇಟರ್ ಅಗ್ಗವೆನಿಸುತ್ತದೆ. ಆಲ್ಟರ್ನೇಟರ್ ಬದಲಿಸಿ, ಅಥವಾ ಒಳ್ಳೆಯ ವೈಂಡಿಂಗ್ ಅಂಗಡಿಯಲ್ಲಿ ರೆಕ್ಟಿಫೈಯರ್ ಹಾಕಿಸಿ. ಅಂಗಡಿಯಿಂದ ತಂದದ್ದನ್ನೂ ಅಳೆಯದೆ ನಂಬಬೇಡಿ, ರೀಬಿಲ್ಟ್ ಎಂದು ಮಾರುವವುಗಳಲ್ಲಿ 0.1 ದಾಟುವವೂ ಬರುತ್ತವೆ. ಅದೇ ಸಮಯಕ್ಕೆ ಎರಡೂ ಬ್ಯಾಟರಿಗಳ ಟರ್ಮಿನಲ್ ಬಿಚ್ಚಿ ಉಜ್ಜಿ, ಎಂಜಿನ್ ಬ್ಲಾಕಿಗೆ ಹೋಗುವ ಗ್ರೌಂಡ್ ವಯರಿನ ತುದಿಯ ತುಕ್ಕು ತೆಗೆಯಿರಿ. ಬ್ಯಾಟರಿ ಕಳಚಿ ಮತ್ತೆ ಕಟ್ಟಿದ ನಂತರ, ಕೀಲಿ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡದೆ ಪೆಡಲನ್ನು ನಿಧಾನವಾಗಿ ತಳದವರೆಗೆ ಒತ್ತಿ, ನಿಧಾನವಾಗಿ ಬಿಟ್ಟು, ಕೀಲಿ ಆಫ್ ಮಾಡಬೇಕು. ಎಪಿಪಿಎಸ್ ತನ್ನ ಎರಡು ಕೊನೆಗಳನ್ನು ಹೊಸದಾಗಿ ಗುರುತಿಸಿಕೊಳ್ಳುತ್ತದೆ.

ಉತ್ತರ — ಹಳೇ ಡೀಸೆಲ್

ಎರಡನೆಯ ತೊಂದರೆಗೆ ಪಿ1762 ಚೆನ್ನಾಗಿ ಹೊಂದುತ್ತದೆ. ಹಳೆಯ 47ಆರ್‌ಎಚ್‌ನಲ್ಲಿ ತಿರುಗುವ ತೂಕಗಳಿದ್ದ ಯಾಂತ್ರಿಕ ಗವರ್ನರ್ ಇತ್ತು. 1996ರಲ್ಲಿ ಬಂದ ಈ 47ಆರ್‌ಇಯಲ್ಲಿ ಅದರ ಬದಲು ಒಂದು ಸೊಲೆನಾಯ್ಡ್ ಗವರ್ನರ್ ಒತ್ತಡವನ್ನು ತಯಾರಿಸುತ್ತದೆ, ಪಕ್ಕದಲ್ಲಿರುವ ಸೆನ್ಸರ್ ಅದನ್ನು ಅಳೆದು ಪಿಸಿಎಂಗೆ ಹೇಳುತ್ತದೆ. ಸ್ಥೂಲವಾಗಿ ಗಂಟೆಗೆ ಒಂದು ಮೈಲಿಗೆ ಒಂದು ಪಿಎಸ್‌ಐ ಎಂಬ ಲೆಕ್ಕ. ಗಾಡಿ ನಿಂತಾಗ ಅದು ಶೂನ್ಯದ ಹತ್ತಿರಕ್ಕೆ, 1.5 ಪಿಎಸ್‌ಐ ಒಳಗೆ ಬರಬೇಕು. ಸೊಲೆನಾಯ್ಡಿನೊಳಗೆ ಲೋಹದ ಸಣ್ಣ ಪುಡಿ ಸಿಕ್ಕಿಕೊಂಡರೆ ಬಿಸಿಯಲ್ಲಿ ಅದು ಪೂರ್ತಿ ಮುಚ್ಚುವುದಿಲ್ಲ, ಒತ್ತಡ ಉಳಿದುಬಿಡುತ್ತದೆ, ಗಾಡಿ ಇನ್ನೂ ಓಡುತ್ತಿದೆ ಎಂದೇ ವಾಲ್ವ್ ಬಾಡಿ ತಿಳಿಯುತ್ತದೆ. ಹಾಗಾಗಿ ಎರಡರಿಂದ ಒಂದಕ್ಕೆ ಇಳಿಯುವುದಿಲ್ಲ. ಲಿವರನ್ನು 1ಕ್ಕೆ ಎಳೆದಾಗ ಸರಿಯಾಗಿ ಹೊರಡುತ್ತಿರುವುದರಿಂದ ಒಂದನೇ ಗೇರಿನ ಕ್ಲಚ್ ಮತ್ತು ಬ್ಯಾಂಡ್ (ಒಳಗಿನ ಡ್ರಮ್ಮನ್ನು ಬಿಗಿಹಿಡಿಯುವ ಪಟ್ಟಿ) ಕೆಲಸ ಮಾಡುತ್ತಿವೆ ಎಂಬುದೂ ತಿಳಿಯಿತು.

ಒಂದು ವೇಳೆ ಯಾವಾಗಲಾದರೂ ಡಿ-ಯಲ್ಲಿ ಮೂರನೇ ಗೇರಿನಲ್ಲೇ ಹೊರಟು ಅದಕ್ಕೇ ಅಂಟಿಕೊಂಡರೆ ಅದು ಬೇರೆ ಕಥೆ: ಟ್ರಾನ್ಸ್‌ಮಿಷನ್ ರಿಲೇಯಿಂದ ಬರುವ 12 ವೋಲ್ಟ್ ಕಡಿದಿದೆ ಎಂದರ್ಥ. ಕರೆಂಟ್ ಇಲ್ಲದಾಗ ಈ ಸೊಲೆನಾಯ್ಡ್ ಪೂರ್ತಿ ಒತ್ತಡ ಬಿಡುವಂತೆ ಮಾಡಲಾಗಿದೆ. ನಿಮ್ಮದು ಅದಲ್ಲ.

ಗವರ್ನರ್ ಒತ್ತಡವನ್ನು ತೋರಿಸುವ ಸ್ಕ್ಯಾನ್ ಟೂಲ್ ಇರುವವರಲ್ಲಿ ಗಾಡಿ ಬಿಸಿಯಾಗಿರುವಾಗ, ಡಿ-ಯಲ್ಲಿ ನಿಲ್ಲಿಸಿ ಅಳತೆ ಓದಿಸಿ. ಜೊತೆಗೆ ಥ್ರಾಟಲ್ ವಾಲ್ವ್ ಕೇಬಲನ್ನೂ ನೋಡಿಬಿಡಿ. ಎಂಜಿನ್ ಆಫ್ ಇರುವಾಗ ಒಬ್ಬರು ಪೆಡಲನ್ನು ಮೆಲ್ಲಗೆ ಒತ್ತಲಿ. ಎಂಜಿನ್ ಕಡೆಯ ಲಿವರ್ ಕದಲಿದ ಕ್ಷಣವೇ ಟ್ರಾನ್ಸ್‌ಮಿಷನ್ ಎಡಮಗ್ಗುಲಿನ ಲಿವರ್ ಕೂಡ ಕದಲಬೇಕು, ಬಿಟ್ಟಾಗ ಪೂರ್ತಿ ಹಿಂದಕ್ಕೆ ಬರಬೇಕು. ಕೇಬಲ್ ಸಡಿಲವಾಗಿದ್ದರೆ ಗೇರುಗಳು ಬೇಗ, ಮೆತ್ತಗೆ ಬದಲಾಗುತ್ತವೆ. ಓಡಿಸುವವರಿಗೆ ಹಿತವೆನಿಸುತ್ತದೆ, ಒಳಗೆ ಕ್ಲಚ್ ಸುಡುತ್ತಿರುತ್ತದೆ. ಬಿಗಿಯಾಗಿದ್ದರೆ ತಡವಾಗಿ, ಒದ್ದಂತೆ ಬದಲಾಗುತ್ತವೆ. ಈ ಕೇಬಲ್ಲಿಗೆ ಯಾವ ಕೋಡೂ ಇಲ್ಲ, ಆದ್ದರಿಂದ ಕಂಪ್ಯೂಟರ್ ಮಾತ್ರ ನೋಡುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಉತ್ತರ — ಘಟ್ಟದ ದಾರಿ (ಚಿಕ್ಕಮಗಳೂರು)

ನಮ್ಮಲ್ಲಿ ತೋಟದ ಕೆಲಸಕ್ಕೆ ಇಸುಜು ವಿ-ಕ್ರಾಸ್ ಆಟೋಮ್ಯಾಟಿಕ್ ಇದೆ, 1.9 ಲೀಟರ್ ಡೀಸೆಲ್, ಆರು ಗೇರ್. ಈ ಕೇಬಲ್ ಪರೀಕ್ಷೆ ಅದಕ್ಕೂ ಅನ್ವಯಿಸುತ್ತದೆಯೇ ಅಣ್ಣ?

ಉತ್ತರ — ಹಳೇ ಡೀಸೆಲ್

ಇಲ್ಲ. ಅದರಲ್ಲಿ ಎಲ್ಲ ಗೇರುಗಳೂ ಕಂಪ್ಯೂಟರಿನ ಕೈಯಲ್ಲಿವೆ, ಥ್ರಾಟಲ್ ವಾಲ್ವ್ ಕೇಬಲ್ ಇಲ್ಲ. ಬ್ಯಾಟರಿ ಟರ್ಮಿನಲ್, ಗ್ರೌಂಡ್, ಆಲ್ಟರ್ನೇಟರಿನ ಎಸಿ ಅಳತೆ ಮಾತ್ರ ಯಾವ ಗಾಡಿಗೂ ಮೊದಲು ನೋಡಬೇಕಾದವೇ.

ಸಸಿತೋಟ

ಆಲ್ಟರ್ನೇಟರ್ ಬದಲಾಯಿತು, ಈಗ ಎಸಿ 0.03 ವೋಲ್ಟ್. ರಾತ್ರಿ ದೀಪ, ಬ್ಲೋವರ್ ಎಲ್ಲ ಹಾಕಿ ಓಡಿಸಿದರೂ ಲಾಕ್‌ಅಪ್ ಒಮ್ಮೆ ಹಿಡಿದರೆ ಹಿಡಿದೇ ಇರುತ್ತದೆ. ಥ್ರಾಟಲ್ ವಾಲ್ವ್ ಕೇಬಲ್ ಸರಿಯಾಗಿದೆ. ಸ್ಕ್ಯಾನ್ ಟೂಲ್ ಇದ್ದ ಮೆಕ್ಯಾನಿಕ್ ಒಬ್ಬರಲ್ಲಿ ಓದಿಸಿದಾಗ ತಣ್ಣಗಿದ್ದಾಗ ಗವರ್ನರ್ ಒತ್ತಡ ಶೂನ್ಯ. ಟ್ರೇಲರ್ ಎಳೆದು ಬಿಸಿಯಾದ ನಂತರ ನಿಂತಿರುವಾಗಲೂ 7 ಪಿಎಸ್‌ಐ. ಸೊಲೆನಾಯ್ಡ್ ಮತ್ತು ಸೆನ್ಸರ್ ಎರಡನ್ನೂ ತರಿಸಿದ್ದೇನೆ. ಪ್ಯಾನ್ ಇಳಿಸುವಾಗ ಇನ್ನೇನು ಮಾಡಿಕೊಳ್ಳಬೇಕು?

ಉತ್ತರ — ಹಳೇ ಡೀಸೆಲ್

7 ಪಿಎಸ್‌ಐ ಎಂದರೆ ಕಾರಣ ಸಿಕ್ಕಿತು. ಕಂಪನಿಯ ಪ್ಯಾನಿಗೆ ಡ್ರೈನ್ ಪ್ಲಗ್ ಇಲ್ಲ; ಅಗಲವಾದ ಟ್ರೇ ಇಟ್ಟುಕೊಂಡು ಒಂದು ಮೂಲೆಯ ಬೋಲ್ಟುಗಳನ್ನು ಮೊದಲು ಸಡಿಲಿಸಿ ವಾಲಿಸಿ ಸುರಿಸಿ. ತಳದ ಆಯಸ್ಕಾಂತದ ಮೇಲೆ ಬೂದುಬಣ್ಣದ ನುಣುಪಾದ ಕೆಸರು ಇದ್ದರೆ ಸಹಜ. ಬೆರಳಿಗೆ ಚುಚ್ಚುವ ಚೂರು ಅಥವಾ ಹಿತ್ತಾಳೆ ಬಣ್ಣದ ಮಿನುಗು ಕಂಡರೆ ಮಾತ್ರ ನ್ಯೂಜೆರ್ಸಿಯವರ ಮಾತಿಗೆ ಮರಳಬೇಕಾಗುತ್ತದೆ. ಫಿಲ್ಟರ್ ತೆಗೆದರೆ ಗವರ್ನರ್ ಭಾಗಗಳು ಕೈಗೆ ಸಿಗುತ್ತವೆ, ವಾಲ್ವ್ ಬಾಡಿ ಇಳಿಸುವ ಅಗತ್ಯವಿಲ್ಲ.

ಪ್ಯಾನ್ ತೆರೆದಿರುವಾಗಲೇ ಹಿಂದಿನ ಬ್ಯಾಂಡನ್ನು ಹೊಂದಿಸಿ: ಲಾಕ್ ನಟ್ ಸಡಿಲಿಸಿ, ಹೊಂದಿಸುವ ಸ್ಕ್ರೂವನ್ನು 72 ಇಂಚು-ಪೌಂಡಿಗೆ ಬಿಗಿದು, ಸರಿಯಾಗಿ 3 ಸುತ್ತು ಹಿಂದಕ್ಕೆ ಬಿಡಬೇಕು. ಮುಂದಿನ ಬ್ಯಾಂಡಿನ ಸ್ಕ್ರೂ ಹೊರಗೆ, ಎಡಮಗ್ಗುಲಿನಲ್ಲಿದೆ. ಅದಕ್ಕೂ 72, ಹಿಂದಕ್ಕೆ ಬಿಡುವುದು ಮಾತ್ರ ಎರಡು ಸುತ್ತಿಗೆ ಎಂಟನೇ ಒಂದು ಭಾಗ ಕಡಿಮೆ. ಲಾಕ್ ನಟ್ ಬಿಗಿಯುವಾಗ ಸ್ಕ್ರೂ ಜೊತೆಗೆ ತಿರುಗದಂತೆ ಹಿಡಿದುಕೊಳ್ಳಿ. ಹೊಸ ಫಿಲ್ಟರ್ ಹಾಕಿ, ಪ್ಯಾನ್ ಕಟ್ಟಿ, ಎಟಿಎಫ್+4 ಆಯಿಲನ್ನು ಮೊದಲಿಗೆ 4 ಕ್ವಾರ್ಟ್ ಸುರಿದು ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ ಲಿವರನ್ನು ಎಲ್ಲ ಗೇರಿನಲ್ಲೂ ಒಮ್ಮೆ ಓಡಾಡಿಸಿ, ನ್ಯೂಟ್ರಲ್ಲಿಗೆ ತಂದು, ಡಿಪ್‌ಸ್ಟಿಕ್ ನೋಡುತ್ತ ಉಳಿದದ್ದನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಕೊನೆಯ ಮಟ್ಟವನ್ನು ಗಾಡಿ ಓಡಿಸಿ ಬಿಸಿಯಾದ ಮೇಲೆಯೇ ನೋಡಿ. ಪಿ1762 ಅಳಿಸಿದ ನಂತರ ಮತ್ತೆ ಟ್ರೇಲರ್ ಕಟ್ಟಿ ಏರು ಹತ್ತಿಸಿ, ನಿಂತಾಗಿನ ಒತ್ತಡವನ್ನು ಅದೇ ಸ್ಕ್ಯಾನ್ ಟೂಲಿನಲ್ಲಿ ಓದಿಸಿ ಇಲ್ಲಿಯೇ ಬರೆಯಿರಿ.